ಮಾವನವರು ಹತ್ತಿ ನಿಂತ ಮುಚ್ಚಳ

ಕಾರವಾರ
2 ಜೂನ್ 2024

ಮಾವನವರಾದ ಗುಲಾಮ್ ಮೊಹಿದ್ದೀನ್ ಸಾಹೇಬರಿಗೆ ಮುಬಶೀರನ ಸಲಾಂ.

ಈ ಕಾಲದಲ್ಲಿ ಕಾಗದ ಬರೆಯುತ್ತಾನಲ್ಲ ಎಂದು ನಗಬೇಡಿ. ಫೋನಿನಲ್ಲಿ ಮಾತಾಡಿದರೆ ನಿಮಗೆ ಕೇಳಿಸುವುದಿಲ್ಲ. ನಾನು ಇಲ್ಲಿ ಹೇಳಿದ್ದನ್ನು ಬುಷ್ರಾ ನಿಮ್ಮ ಮುಖಕ್ಕೆ ಮುಖ ಕೊಟ್ಟು, ತುಟಿ ಅಗಲಿಸಿ ಮತ್ತೆ ಹೇಳಬೇಕು. ‘ನನ್ನನ್ನು ಗಂಡನ ಹತ್ತಿರ ಕಳಿಸಿ’ ಎಂದು ಅವಳೇ ಹೇಗೆ ಹೇಳುತ್ತಾಳೆ? ಉರ್ದು ನಾವಿಬ್ಬರೂ ಓದುತ್ತೇವೆ, ಬರೆಯಲು ಹೋದರೆ ಕೈ ತಿರುಗುವುದಿಲ್ಲ. ಇಬ್ಬರೂ ಕನ್ನಡ ಶಾಲೆಯಲ್ಲಿ ಓದಿದವರು, ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಇಲ್ಲಿ ನನ್ನ ಕೆಲಸ ಗಟ್ಟಿಯಾಗಿದೆ. ಒಂದು ಹಳೆಯ ಹಾಯಿದೋಣಿಯನ್ನು ನೋಡಿಕೊಳ್ಳುವುದು, ರಿಪೇರಿ ಮಾಡುವುದು. ಮುಂಬಯಿಯ ಒಬ್ಬ ಮೇಡಂ ಅದರ ಮಾಲೀಕರು. ಮಳೆಗಾಲವಾದ್ದರಿಂದ ದೋಣಿಯನ್ನು ಕಾಳಿ ನದಿಯ ದಡಕ್ಕೆ ಎಳೆದು, ಗೂಟ ಕೊಟ್ಟು ನಿಲ್ಲಿಸಿದ್ದಾರೆ. ನಾನು ಅದರೊಳಗೇ ಇದ್ದೇನೆ. ಹೆಂಡತಿಯನ್ನೂ ಕರೆತಂದು ಇಟ್ಟುಕೊಳ್ಳಿ ಎಂದು ಮೇಡಂ ಹೇಳಿದ್ದಾರೆ. ಒಳಗೆ ಅಡುಗೆಗೆ ಜಾಗವಿದೆ, ಮೇಜಿದೆ, ಮುಂದಿನ ಕೋಣೆಯಲ್ಲಿ ಇಬ್ಬರು ಮಲಗುವ ಹಾಸಿಗೆ ಇದೆ. ಹಾಸಿಗೆಯ ಮೇಲೆ ಸರಿಯಾಗಿ ಡೆಕ್ಕಿನಲ್ಲಿ ಒಂದು ಚೌಕ ಮುಚ್ಚಳವಿದೆ, ಹ್ಯಾಚ್ ಎನ್ನುತ್ತಾರೆ. ಅಲ್ಯೂಮಿನಿಯಂ ಚೌಕಟ್ಟು, ನಡುವೆ ಗಾಜು. ಎತ್ತಿದರೆ ಗಾಳಿ ಬೆಳಕು ಬರುತ್ತದೆ, ಮಳೆ ಬಂದರೆ ಒಳಗಿನಿಂದ ತಿರುಪಿ ಬಿಗಿ ಮಾಡಬಹುದು. ಸ್ವಲ್ಪ ಜಿನುಗುತ್ತದೆ, ಅಷ್ಟೇ. ಬಸ್ಸಿಗೆ ಗಾಜು ಕೂರಿಸಿದಂತಲ್ಲ, ಇದು ನಾಜೂಕಿನ ಕೆಲಸ. ಮಾಡಿಕೊಳ್ಳುತ್ತೇನೆ.

ಬಕ್ರೀದಿಗೆ ಬರುತ್ತೇನೆ. ಹಬ್ಬ ಮುಗಿದ ಮೇಲೆ ಬುಷ್ರಾಳನ್ನು ಜೊತೆಯಲ್ಲಿ ಕಳಿಸಿಕೊಡಿ. ಮದುವೆಯಾಗಿ ಎರಡನೇ ವರ್ಷ, ಅವಳು ತವರಿನಲ್ಲೇ ಇದ್ದರೆ ಅಜ್ಜಂಪುರದಲ್ಲಿ ನಮ್ಮವರು ಏನೆಂದುಕೊಳ್ಳುತ್ತಾರೆ?

ಇಂತಿ,
ಮುಬಶೀರ್

*

ತರೀಕೆರೆ
8 ಜೂನ್ 2024

ಅಳಿಯಂದಿರಾದ ಮುಬಶೀರ್ ಅವರಿಗೆ ಗುಲಾಮ್ ಮೊಹಿದ್ದೀನ್ ಮಾಡುವ ಸಲಾಂ.

ತಮ್ಮ ಕಾಗದ ತಲುಪಿತು. ‘ಸ್ವಲ್ಪ ಜಿನುಗುತ್ತದೆ’ ಎಂಬ ಜಾಗವನ್ನು ಮತ್ತೆ ಮತ್ತೆ ಓದಿದೆ. ಬಸ್ಸು, ಲಾರಿಗಳಿಗೆ ಗಾಜು ಕೂರಿಸುತ್ತಲೇ ಮುದುಕನಾದವನು ನಾನು. “ಸ್ವಲ್ಪ ಜಿನುಗ್ತದೆ ಕಣ್ರೀ ಸಾಹೇಬ್ರೇ” ಎಂದು ಡ್ರೈವರುಗಳು ತಂದು ನಿಲ್ಲಿಸಿದ ಬಸ್ಸಿನೊಳಗೆ ಮಕ್ಕಳು ಛತ್ರಿ ಬಿಚ್ಚಿ ಕೂತಿದ್ದನ್ನು ನೋಡಿದ್ದೇನೆ. ತಮ್ಮ ಮುಚ್ಚಳ ಎಷ್ಟು ಜಿನುಗುತ್ತದೆ ಎಂದು ನನಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೆಣ್ಣು ಕೇಳಲು ಬಂದಾಗ ತಾವು ಕಡೂರಿನಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್ ಆಗಿದ್ದಿರಿ. ಅಜ್ಜಂಪುರದ ಸ್ಟೇಷನ್ ಹತ್ತಿರ ತಮ್ಮ ಅಣ್ಣ ಅಶ್ಫಾಕ್ ಕಟ್ಟಿಸಿದ ಆರ್‌ಸಿಸಿ ಮನೆಯನ್ನು ನಾನೇ ಹೋಗಿ ನೋಡಿ ಬಂದಿದ್ದೆ. ವರ್ಷ ತುಂಬುವುದರೊಳಗೆ ತಾವು ದೋಣಿ ಹತ್ತಿದಿರಿ. ಅದಾದರೂ ನೀರಿನಲ್ಲಿರುವ ದೋಣಿಯೇ ಎಂದರೆ ಅದೂ ಅಲ್ಲ, ನೆಲದ ಮೇಲೆ ಗೂಟಕ್ಕೆ ಒರಗಿ ನಿಂತದ್ದು. ಎಮ್ಮೆದೊಡ್ಡಿ ಕಾವಲಿನ ದನಕ್ಕೂ ಮಳೆ ಬಂದರೆ ಒಂದು ಮರದ ಬುಡ ಇರುತ್ತದೆ. ನನ್ನ ಮಗಳು ಹಾಸಿಗೆಯ ಮೇಲೆ ಬಕೆಟ್ ಇಟ್ಟುಕೊಂಡು ಮಲಗಬೇಕೇ?

ನಾಜೂಕಿನ ಕೆಲಸ ಎಂದು ಬರೆದಿದ್ದೀರಿ. ಸಂತೋಷ. ಈ ಒರಟನಿಗೆ ಗೊತ್ತಿರುವಷ್ಟು ಹೇಳುತ್ತೇನೆ, ಬೇಕಾದರೆ ಕೇಳಿ. ಹಳೆಯ ರಬ್ಬರನ್ನು ಪೂರ್ತಿ ಕೀಳಬೇಕು. ಗಾಜನ್ನು ತೆಗೆದು ಎರಡೂ ಮಗ್ಗುಲನ್ನು ಥಿನ್ನರಿನಲ್ಲಿ ಚೆನ್ನಾಗಿ ಒರೆಸಬೇಕು. ಒಂದು ಬೆರಳಿನ ಜಿಡ್ಡು ಉಳಿದರೂ ಅಂಟು ಹಿಡಿಯುವುದಿಲ್ಲ. ಆಮೇಲೆ ಹೊಸ ರಬ್ಬರ್ ಹಾಕಿ ಕೂರಿಸಬೇಕು. ಇದು ತರೀಕೆರೆಯಲ್ಲಿ ಎಲ್ಲರಿಗೂ ಗೊತ್ತು.

ಆ ಮುಚ್ಚಳ ಸೋರುವುದು ನಿಲ್ಲುವವರೆಗೆ ಬುಷ್ರಾ ಇಲ್ಲೇ ಇರುತ್ತಾಳೆ. ಅವಳನ್ನೂ ಕೇಳಿದೆ. ಸೀಟಿನ ರೆಕ್ಸಿನ್ ಹೊಲಿಯುತ್ತ ತಲೆ ತಗ್ಗಿಸಿಕೊಂಡೇ ಇದ್ದಳು, ಬಾಯಿ ಬಿಡಲಿಲ್ಲ. ಬರಲು ಅವಳಿಗೂ ಇಷ್ಟವಿದ್ದಂತಿಲ್ಲ.

ತಮ್ಮ ವಿಶ್ವಾಸಿ,
ಗುಲಾಮ್ ಮೊಹಿದ್ದೀನ್

*

ಕಾರವಾರ
22 ಜೂನ್ 2024

ಮಾವನವರಿಗೆ ಸಲಾಂ.

ಹಬ್ಬಕ್ಕೆ ಬರಲಿಲ್ಲ. ಬಂದು ಒಬ್ಬನೇ ವಾಪಸು ಬಸ್ ಹತ್ತುವ ಮರ್ಯಾದೆ ನನಗೆ ಬೇಡವಾಗಿತ್ತು.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ದೋಣಿಯ ಮುಚ್ಚಳದಲ್ಲಿರುವುದು ನಿಮ್ಮ ಬಸ್ಸಿನ ಗಾಜಲ್ಲ. ಅರ್ಥವಾಗಲಿ ಎಂದು ಗಾಜು ಎಂದು ಬರೆದಿದ್ದೆ. ಅದು ಅಕ್ರಿಲಿಕ್. ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಸುತ್ತಲೂ ಎಳೆಯಷ್ಟು ಜಾಗ ಬಿಟ್ಟು, ಆ ಜಾಗದಲ್ಲಿ ಸಿಲಿಕೋನ್ ತುಂಬಬೇಕು. ಸೋಪಿನ ನೀರು ಬಳಿದು, ಹಗ್ಗ ಸುತ್ತಿ, ನಾಲ್ಕು ಜನ ಗುದ್ದಿ ಕೂರಿಸುವ ಕೆಲಸವಲ್ಲ ಇದು. ತರೀಕೆರೆಯಲ್ಲಿ ಎಲ್ಲರಿಗೂ ಗೊತ್ತಿರುವುದು ತರೀಕೆರೆಯಲ್ಲೇ ನಡೆಯುತ್ತದೆ.

ಆದರೂ ಹಿರಿಯರ ಮಾತಿಗೆ ಬೆಲೆ ಕೊಟ್ಟಿದ್ದೇನೆ. ಹಳೆಯ ಸಿಲಿಕೋನನ್ನು ಕೆರೆದು, ನೀವು ಹೇಳಿದಂತೆ ಥಿನ್ನರಿನಲ್ಲಿ ಒರೆಸಿದೆ. ಎರಡೂ ಮಗ್ಗುಲು, ಬಟ್ಟೆಯಲ್ಲಿ ಕೊಳೆ ಬರುವುದು ನಿಲ್ಲುವ ತನಕ. ಆಮೇಲೆ ಹೊಸ ಸಿಲಿಕೋನ್ ತುಂಬಿ ಕೂರಿಸಿ, ಮುಚ್ಚಳ ಒತ್ತಿ ಕೂರುವ ಅಂಚಿಗೆ ಹೊಸ ರಬ್ಬರ್ ಹಾಕಿದೆ. ಹೊಳಪು ಸ್ವಲ್ಪ ಕಮ್ಮಿಯಾಗಿದೆ, ಅದು ದೊಡ್ಡ ವಿಷಯವಲ್ಲ. ಮೊನ್ನೆ ಇಲ್ಲಿ ಸುರಿದ ಮಳೆ ನಿಮ್ಮ ಊರಿಗೆ ವರ್ಷದಲ್ಲೂ ಬೀಳಲಿಕ್ಕಿಲ್ಲ. ಒಂದು ಹನಿಯೂ ಒಳಗೆ ಬರಲಿಲ್ಲ.

ಈಗ ಏನು ನೆಪ ಹೇಳುತ್ತೀರಿ? ಗಾಳಿ ಜಾಸ್ತಿ ಎನ್ನುತ್ತೀರೋ, ಮೀನಿನ ವಾಸನೆ ಎನ್ನುತ್ತೀರೋ? ನನ್ನ ಮಾತಿನ ಮೇಲೆ ನಂಬಿಕೆ ಇಲ್ಲದಿದ್ದರೆ ನೀವೇ ಬಂದು ಹತ್ತಿ ನೋಡಿ. ಬುಷ್ರಾಳನ್ನೂ ಕರೆತನ್ನಿ.

ಮುಬಶೀರ್

*

ತರೀಕೆರೆ
29 ಜೂನ್ 2024

ಅಳಿಯಂದಿರಿಗೆ,

ನಾಡಿದ್ದು ಸೋಮವಾರವಲ್ಲ, ಅದರ ಮುಂದಿನ ಸೋಮವಾರ ಬರುತ್ತಿದ್ದೇವೆ. ಶಿವಮೊಗ್ಗದಲ್ಲಿ ಬಸ್ ಬದಲಿಸುತ್ತೇವೆ. ಬುಷ್ರಾಳನ್ನು ಬಿಟ್ಟುಹೋಗಲು ಕರೆತರುತ್ತಿಲ್ಲ. ತಾವು ಇವಳಿಗಾಗಿ ಕಟ್ಟಿದ ಅರಮನೆ ಎಂಥದ್ದೆಂದು ಇವಳ ಕಣ್ಣಿಗೇ ಬೀಳಲಿ ಎಂದು ಕರೆತರುತ್ತಿದ್ದೇನೆ. ಆಮೇಲೆ ನನ್ನನ್ನು ಯಾರೂ ಕೆಟ್ಟವನನ್ನಾಗಿ ಮಾಡಬಾರದು.

ಗುಲಾಮ್ ಮೊಹಿದ್ದೀನ್

*

ತರೀಕೆರೆ
17 ಜುಲೈ 2024

ಮಾವನವರಿಗೆ ನಿಮ್ಮದೇ ಮನೆಯಿಂದ ಸಲಾಂ.

ಕಾಲಿನ ನೋವು ಹೇಗಿದೆ? ಪ್ಲಾಸ್ಟರ್ ಒದ್ದೆಯಾಗದಂತೆ ನೋಡಿಕೊಳ್ಳಿ. ಅಲ್ಲಿ ನೀವು ನರಳುತ್ತಿದ್ದುದರಿಂದ ಬಾಯಿ ಮುಚ್ಚಿಕೊಂಡಿದ್ದೆ. ಈಗ ನಡುವೆ ಘಾಟಿ ಇದೆ, ಧೈರ್ಯವಾಗಿ ಬರೆಯುತ್ತೇನೆ.

ಏಣಿ ಹತ್ತುವಾಗಲೇ “ಹುಷಾರು ಮಾಮೂ, ಮುಚ್ಚಳದ ಮೇಲೆ ಕಾಲಿಡ್ಬೇಡಿ” ಎಂದು ಕೂಗಿದೆ. ಕೇಳಿಸಲಿಲ್ಲವೋ, ಕೇಳಿಸದವರಂತೆ ಇದ್ದಿರೋ. ಡೆಕ್ಕಿನಲ್ಲಿ ನಿಲ್ಲಲು ಅಷ್ಟೊಂದು ಜಾಗವಿದ್ದರೂ ಹುಡುಕಿಕೊಂಡು ಹೋಗಿ ಆ ಮುಚ್ಚಳದ ನಟ್ಟನಡುವೆ ಎರಡೂ ಕಾಲು ಜೋಡಿಸಿ ನಿಂತಿರಿ. ಸೊಂಟದ ಮೇಲೆ ಕೈ ಬೇರೆ. “ಇದೇನಾ ನಿಮ್ ಸೂರು?” ಎಂದು ಕೇಳಿದಿರಿ. ಮುಂದಿನ ಮಾತು ಕೆಳಗಿನ ಹಾಸಿಗೆಯಿಂದ ಬಂತು.

ನಿಮ್ಮನ್ನು ಕುರ್ಚಿಗೆ ಕಟ್ಟಿ, ಚೈನ್ ಪುಲ್ಲಿಯಲ್ಲಿ ಎಂಜಿನ್ ಇಳಿಸಿದ ಹಾಗೆ ಇಳಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮತ್ತೆ ಅದೇ ಕುರ್ಚಿಯಲ್ಲಿ ಮೇಲೇರಿಸಿದ್ದನ್ನು ನಾನು ಯಾರಿಗೂ ಹೇಳಿಲ್ಲ. ಅತ್ತೆಯವರಿಗೆ ಮಾತ್ರ ಹೇಳಿದೆ. ಅವರು ಬೀದಿಗೆಲ್ಲ ಹೇಳಿದ್ದಾರೆ.

ಪ್ಲಾಸ್ಟರ್ ಬಿಚ್ಚುವವರೆಗೆ ಘಾಟಿಯಲ್ಲಿ ಬಸ್ ಹತ್ತಕೂಡದು ಎಂದು ಡಾಕ್ಟರು ಹೇಳಿದರು. ನಿಮ್ಮನ್ನು ನೋಡಿಕೊಳ್ಳಲು ಬುಷ್ರಾ ಉಳಿಯಬೇಕಾಯಿತು. ಶಾಲೆ ಬಸ್ಸುಗಳ ಕೆಲಸ ನಿಲ್ಲಬಾರದು ಎಂದು ನೀವೇ ನನ್ನನ್ನು ಇಲ್ಲಿಗೆ ಓಡಿಸಿದಿರಿ. ಹೆಂಡತಿ ನನ್ನ ಮನೆಗೆ ಬಂದಳು, ನಾನು ಹೆಂಡತಿಯ ಮನೆಗೆ ಬಂದೆ. ಇಂಥ ಸಂಸಾರ ನಮ್ಮ ಖಾಂದಾನಿನಲ್ಲಿ ಯಾರೂ ಮಾಡಿಲ್ಲ.

ಇನ್ನೊಂದು ವಿಷಯ. ನಿಮ್ಮ ವರ್ಕ್‌ಶಾಪಿನ ತಗಡು ಸೋರುತ್ತದೆ. ಹೊಲಿಗೆ ಮಷೀನಿನ ಮೇಲೆ, ವೆಲ್ಡಿಂಗ್ ಸೆಟ್ಟಿನ ಪಕ್ಕ, ನೀವು ಕೂರುವ ಬೆಂಚಿನ ಹತ್ತಿರ, ಎಲ್ಲೆಲ್ಲೂ ಬಕೆಟ್ ಇಟ್ಟಿದ್ದೀರಿ. ಮಗಳು ಇಷ್ಟು ದಿನ ಆ ಬಕೆಟ್ಟುಗಳ ನಡುವೆ ಹೊಲಿಯುತ್ತಿದ್ದಳೇ? ಅರಮನೆ ಬಹಳ ಚೆನ್ನಾಗಿದೆ.

ಮುಬಶೀರ್

*

ಕಾರವಾರ
25 ಜುಲೈ 2024

ಅಳಿಯಂದಿರಿಗೆ,

ವರ್ಕ್‌ಶಾಪಿನಲ್ಲಿ ಯಾರೂ ಮಲಗುವುದಿಲ್ಲ. ಇಲ್ಲಿ ನಾನು ಮಲಗಿದ್ದೇನೆ. ಒಡೆದ ಮುಚ್ಚಳದ ಮೇಲೆ ಟಾರ್ಪಾಲು ಕಟ್ಟಿದ್ದಾರೆ. ಗಾಳಿ ಬಂದರೆ ಅದು ಉಬ್ಬುತ್ತದೆ, ನಿಂತರೆ ಜೋತು ಬಿದ್ದು ನನ್ನ ಹೊಟ್ಟೆಗೆ ಸರಿಯಾಗಿ ನೀರು ಬಿಡುತ್ತದೆ. ಸೆಟೆದು ಕೂತರೆ ತಲೆ ತಾಗುತ್ತದೆ, ಕಾಲು ಚಾಚಿದರೆ ಒಲೆ ತಾಗುತ್ತದೆ. ಕೋಳಿ ಸಾಕುವವನೂ ಗೂಡನ್ನು ಇದಕ್ಕಿಂತ ವಿಶಾಲವಾಗಿ ಮಾಡುತ್ತಾನೆ.

ಬೇಜಾರಿಗೆ ಮುಚ್ಚಳದ ಚೂರುಗಳನ್ನು ತರಿಸಿ ನೋಡಿದೆ. ಒಳಗೆಲ್ಲ ಕೂದಲೆಳೆಯಂಥ ಬಿರುಕು. ಈ ದೋಣಿ ರಿಪೇರಿ ಯಾರ್ಡಿನ ಪೇಂಟರ್ ಚಂದ್ರಕುಮಾರ್ ಬಂದು ಮೂಸಿ ನೋಡಿ, ನನಗೆ ತಿಳಿಯಲೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ: ಇದಕ್ಕೆ ಥಿನ್ನರ್ ಹಾಕಿದ ಕತ್ತೆ ಯಾರು?

ಅಕ್ರಿಲಿಕ್ಕಿಗೆ ಥಿನ್ನರ್ ತಾಗಿದರೆ ಒಳಗೊಳಗೇ ಬಿರಿಯುತ್ತದಂತೆ. ಸೋಪು ನೀರಿನಲ್ಲಿ ತೊಳೆದರೆ ಸಾಕಂತೆ. ಮೊದಲ ಕಾಗದದಲ್ಲಿ ಗಾಜು ಎಂದು ಬರೆದವರು ತಾವು. ಗಾಜಿಗೆ ಥಿನ್ನರ್ ಹೇಳಿದವನು ನಾನು. ಇದು ಗಾಜೇ ಅಲ್ಲ ಎಂದು ಎರಡನೇ ಕಾಗದದಲ್ಲಿ ನನಗೆ ಪಾಠ ಮಾಡಿದವರೂ ತಾವೇ, ಅದೇ ಉಸಿರಿನಲ್ಲಿ ಥಿನ್ನರ್ ಬಳಿದವರೂ ತಾವೇ. ಹೊಳಪು ಕಮ್ಮಿಯಾಗಿದೆ, ದೊಡ್ಡ ವಿಷಯವಲ್ಲ ಎಂದಿದ್ದಿರಿ. ಆ ದೊಡ್ಡದಲ್ಲದ ವಿಷಯದಲ್ಲಿ ನನ್ನ ಕಾಲು ಮುರಿಯಿತು. ಹಿರಿಯರ ಮಾತಿಗೆ ಬೆಲೆ ಕೊಡುವ ಅಳಿಯ ಯಾರಿಗೂ ಬೇಡ. ಕತ್ತೆ ಯಾರು ಎಂಬುದಕ್ಕೆ ನಾನು ಚಂದ್ರಕುಮಾರನಿಗೆ ಉತ್ತರ ಕೊಟ್ಟಿಲ್ಲ.

ಬುಷ್ರಾ ಮಳೆ ಬಿಟ್ಟಾಗಲೆಲ್ಲ ಡೆಕ್ಕಿಗೆ ಹತ್ತಿ, ನದಿ ಸಮುದ್ರಕ್ಕೆ ಸೇರುವ ಕಡೆ ನೋಡುತ್ತ ನಿಲ್ಲುತ್ತಾಳೆ. ಊಟಕ್ಕೆ ಕರೆದರೂ ಬೇಗ ಇಳಿಯುವುದಿಲ್ಲ. ಊರಿನ ನೆನಪಿಗೆ ನನ್ನ ಮಗಳು ಕೊರಗುತ್ತಿದ್ದಾಳೆ.

ಗುಲಾಮ್ ಮೊಹಿದ್ದೀನ್

*

ತರೀಕೆರೆ
5 ಆಗಸ್ಟ್ 2024

ಮಾವನವರಿಗೆ,

ಥಿನ್ನರಿನ ವಿಷಯದಲ್ಲಿ ನಾವಿಬ್ಬರೂ ಕತ್ತೆಗಳೇ. ಅದನ್ನು ಒಪ್ಪಿಕೊಳ್ಳುವಷ್ಟು ಬುದ್ಧಿ ನನಗಾದರೂ ಇದೆ. ಆದರೆ ಈ ಕಾಗದ ಅದಕ್ಕಲ್ಲ.

ಚೌಳಹಿರಿಯೂರಿನ ಪಂಚಾಕ್ಷರಪ್ಪ ಶಾಲೆ ಬಸ್ ತಂದಿದ್ದರು, ಮುಂದಿನ ಗಾಜಿಗೆ. ಒಳಗೆ ಇಣುಕಿದವರೇ ಕೇಳಿದರು: “ಬುಷ್ರಮ್ಮ ಇಲ್ವೇನಪ್ಪಾ?” ಅವಳ ಹತ್ತಿರ ಏನು ಕೆಲಸ ಎಂದೆ. “ಅಯ್ಯೋ, ಅವ್ರಿಲ್ದೆ ನಿಮ್ ಮಾವನ ಹತ್ರ ಹೆಂಗ್ ಮಾತಾಡೋದು? ನಾವೇನ್ ಹೇಳಿದ್ರೂ ಹೂಂ ಅಂತ ತಲೆ ಆಡಿಸ್ತಾರೆ. ಒಂದ್ಸಲ ಬಾಗಿಲು ರಿಪೇರಿ ಮಾಡಿ ಅಂದ್ರೆ ಹಿಂದಿನ ಗಾಜು ಬಿಚ್ಚಿ ಕೂತಿದ್ರು ಕಣೋ. ಆವತ್ತಿಂದ ಎಲ್ರೂ ಆಯಮ್ಮನ ಹತ್ರಾನೇ ಹೇಳೋದು.” ಅವರೊಬ್ಬರೇ ಅಲ್ಲ. ಬಂದವರೆಲ್ಲ ಮೊದಲು ಬುಷ್ರಾ ಎಲ್ಲಿ ಎಂದು ಕೇಳುತ್ತಾರೆ, ಆಮೇಲೆ ನೀವು ಎಲ್ಲಿ ಎಂದು ಕೇಳುತ್ತಾರೆ.

ಅತ್ತೆಯವರ ಹತ್ತಿರ ಕೂತು ಕೇಳಿದೆ. ಬಕ್ರೀದಿನ ಮಾರನೇ ದಿನ ಬುಷ್ರಾ ಸೂಟ್‌ಕೇಸ್ ತುಂಬಿ ಬಾಗಿಲ ಹತ್ತಿರ ಇಟ್ಟಿದ್ದಳಂತೆ. ನೀವು ಬಂದು ನೋಡಿ, ಮಾತಾಡದೆ, ನಿಮ್ಮ ಟೂಲ್‌ ಬಾಕ್ಸನ್ನು ಅದರ ಮೇಲಿಟ್ಟು ನಮಾಜಿಗೆ ಹೋದಿರಂತೆ. ನನಗೆ ಮಾತ್ರ ಹಬ್ಬಕ್ಕೆ ಮೊದಲೇ ಅವಳಿಗೆ ಇಷ್ಟವಿಲ್ಲ ಎಂದು ಬರೆದಿದ್ದಿರಿ. “ಏನ್ ಮಾಡೋದು ಬೇಟಾ” ಎಂದರು ಅತ್ತೆ. “ನಾನ್ ಮಾತಾಡಿದ್ರೆ ಇವ್ರಿಗೆ ತುಟಿ ತಿಳಿಯಲ್ಲಂತೆ. ನಂಗೆ ಹಲ್ಲು ಹೋದ ಮೇಲಿಂದ ಹಂಗೇ. ಅವ್ಳು ಹೋದ್ರೆ ಅಜಾನ್ ಆಯ್ತು ಅಂತ ಹೇಳೋರೂ ಇಲ್ಲ.”

ಸೂರು ಸೋರುತ್ತದೆ, ದೋಣಿ ಕೋಳಿಗೂಡು, ಅಳಿಯ ಅಲೆಮಾರಿ ಎಂದು ನೀವು ಹೇಳಿದ್ದನ್ನೆಲ್ಲ ನಾನು ನಂಬಿದೆ. ನನ್ನಲ್ಲೇ ಏನೋ ಕೊರತೆ ಎಂದುಕೊಂಡು ಆ ಮುಚ್ಚಳವನ್ನು ಕಿತ್ತು ಕಿತ್ತು ಕೂರಿಸಿದೆ. ನಿಮಗೆ ಮುಚ್ಚಳ ಒಂದು ನೆಪ. ನಿಮ್ಮ ಕಿವಿ ಕೆಟ್ಟಿದೆ ಎಂದು ನಾಲ್ಕು ಜನಕ್ಕೆ ಗೊತ್ತಾಗಬಾರದು, ಅದಕ್ಕೆ ನನ್ನ ಹೆಂಡತಿಯನ್ನು ಕಿವಿ ಮಾಡಿ ಇಟ್ಟುಕೊಂಡಿದ್ದೀರಿ. ನಾಚಿಕೆಯಾಗಬೇಕು ನಿಮಗೆ. ಕೇಳಿಸುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದರೆ ನಾನೇ ಯೋಚನೆ ಮಾಡುತ್ತಿದ್ದೆನೋ ಏನೋ.

ಮುಬಶೀರ್

*

ಕಾರವಾರ
26 ಆಗಸ್ಟ್ 2024

ಮುಬಶೀರ್,

ನಿನ್ನ ಕಾಗದವನ್ನು ಬುಷ್ರಾ ಮೊದಲು ಒಡೆದು ಓದಿ, ಗೋಧಿ ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟಿದ್ದಳು. ಈ ಗೂಡಿನಲ್ಲಿ ಬಚ್ಚಿಡಲು ಜಾಗ ಎಲ್ಲಿದೆ? ಸಿಕ್ಕಿತು, ಓದಿದೆ. ನಿನಗೆ ಇಂಥ ನಾಲಗೆ ಇದೆ ಎಂದು ಗೊತ್ತಿದ್ದರೆ ಹೆಣ್ಣು ಕೊಡುತ್ತಿರಲಿಲ್ಲ. ಅದರಲ್ಲಿ ಒಂದು ಸುಳ್ಳು ಸಿಕ್ಕಿದ್ದರೂ ಅವತ್ತೇ ಮುಖಕ್ಕೆ ಹೊಡೆದ ಹಾಗೆ ಉತ್ತರ ಬರೆಯುತ್ತಿದ್ದೆ. ಹುಡುಕಿದೆ. ಸಿಗಲಿಲ್ಲ. ಅದಕ್ಕೇ ಇಷ್ಟು ತಡ.

ಪ್ಲಾಸ್ಟರ್ ಬಿಚ್ಚಿದರು. ನಡೆಯುತ್ತೇನೆ, ಸ್ವಲ್ಪ ಕುಂಟುತ್ತೇನೆ. ಮುಚ್ಚಳದ ಕೆಲಸ ಆಯಿತು. ಹೊಸ ಅಕ್ರಿಲಿಕ್ ಹಾಳೆ ಬಂದಿತ್ತು, ಚಂದ್ರಕುಮಾರ್ ಅಳತೆಗೆ ಕೊಯ್ದು ಕೊಟ್ಟ. ಸೋಪು ನೀರಿನಲ್ಲಿ ತೊಳೆದೆವು. ನಾನು ಅಭ್ಯಾಸಬಲದಿಂದ ಒತ್ತಿ ಒತ್ತಿ ಸಿಲಿಕೋನೆಲ್ಲ ಹೊರಗೆ ಬರುವ ಹಾಗೆ ಮಾಡಿದೆ, ಅವನು ಬೈದು ಕಿತ್ತು ಹಾಕಿದ. ಎರಡನೇ ಸಲ ನಾನು ಕೈ ಕಟ್ಟಿಕೊಂಡು ಕೂತೆ, ಅವನೂ ಬುಷ್ರಾಳೂ ಕೂರಿಸಿದರು. ರಬ್ಬರಿನ ಜೋಡಣೆ ಮಾತ್ರ ನನ್ನದು. ಅದರ ಎರಡು ತುದಿಗಳನ್ನು ಕೀಲಿನ ಕಡೆಗೆ ಬರುವಂತೆ ಕೂಡಿಸಿದ್ದೇನೆ. ನೀನು ಮೂಲೆಯಲ್ಲಿ ಕೂಡಿಸಿದ್ದೆ. ಬಸ್ಸಿನ ಬಾಗಿಲಿಗೂ ಯಾರೂ ಹಾಗೆ ಮಾಡುವುದಿಲ್ಲ. ಚೌಕಟ್ಟಿನ ಅಂಚಿಗೆ ಸೀಮೆಸುಣ್ಣ ಬಳಿದು, ಮುಚ್ಚಿ, ಬಿಗಿದು, ತೆಗೆದು ನೋಡಿದೆ. ರಬ್ಬರಿನ ಮೇಲೆ ಬಿಳಿ ಗೆರೆ ಎಲ್ಲೂ ತುಂಡಾಗಿರಲಿಲ್ಲ. ಆಮೇಲೆ ಮೂರು ದಿನ ಮಳೆ ಹೊಡೆಯಿತು. ಹಾಸಿಗೆ ಒದ್ದೆಯಾಗಲಿಲ್ಲ. ಇನ್ನು ನನಗೆ ನೆಪವಿಲ್ಲ.

ನಿನ್ನೆ ಬುಷ್ರಾಳನ್ನು ಎದುರಿಗೆ ಕೂರಿಸಿಕೊಂಡು ಕೇಳಿದೆ. ಉತ್ತರ ಬರುವವರೆಗೆ ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಈ ಮೊದಲು ಹಾಗೆ ಕೇಳಿರಲಿಲ್ಲ. ಅವಳು ತುಟಿ ಅಗಲಿಸಿ ನಿಧಾನವಾಗಿ ಹೇಳಿದಳು: “ಅಬ್ಬಾ, ನಂಗೆ ನೀವಿಬ್ರೂ ಸಾಕಾಗಿ ಹೋಗಿದೀರಿ. ಒಬ್ರು ಕಳ್ಸಿ ಅಂತಾರೆ, ಒಬ್ರು ಕಳ್ಸಲ್ಲ ಅಂತಾರೆ. ನಾನೇನು ಪಾರ್ಸೆಲ್ಲಾ?” ಅವಳೇ ಮುಂದುವರಿಸಿದಳು: “ಈ ದೋಣಿ ನಂಗೆ ಇಷ್ಟ ಆಯ್ತು. ಇಲ್ಲೇ ಇರ್ತೀನಿ. ಹಾಯಿ ಹೊಲಿಯೋರು ಬೇಕಂತೆ, ಯಾರ್ಡ್‌ನೋರು ಕೇಳಿದಾರೆ.” ಊರಿನ ನೆನಪಿಗೆ ಕೊರಗುತ್ತಿದ್ದಾಳೆ ಎಂದು ನಾನು ಬರೆದಿದ್ದೆ. ಅವಳು ನೋಡುತ್ತಿದ್ದುದು ಮಳೆಗಾಲ ಮುಗಿದ ಮೇಲೆ ಹಾಯಿದೋಣಿಗಳು ಹೊರಡುವ ದಾರಿಯನ್ನಂತೆ. ಮಗಳ ಮುಖವನ್ನು ಇಷ್ಟು ವರ್ಷ ಬೇರೆಯವರ ಮಾತು ತಿಳಿಯಲೆಂದೇ ನೋಡಿದೆ. ಅವಳದೇ ಮಾತೂ ಅಲ್ಲಿದೆ ಎಂದು ನನಗೆ ತಿಳಿಯಲೇ ಇಲ್ಲ.

ಮುಂದಿನ ವಾರ ಬುಧವಾರದ ಬಸ್ಸಿಗೆ ನಾನು ಹೊರಡುತ್ತೇನೆ, ಒಬ್ಬನೇ. ನೀನು ಆ ದಿನವೇ ಅಲ್ಲಿಂದ ಹೊರಡು. ಶಿವಮೊಗ್ಗದ ಸ್ಟ್ಯಾಂಡಿನಲ್ಲಿ ಎದುರಾದರೆ ಕಾಲಿಗೆ ಬೀಳುವ ನಾಟಕ ಬೇಡ, ನಿನ್ನ ಬಸ್ ಹಿಡಿ. ಹೊರಡುವ ಮೊದಲು ಪಂಚಾಕ್ಷರಪ್ಪನಿಗೆ ಹೇಳು, ಗುಲಾಮ್ ಮೊಹಿದ್ದೀನನಿಗೆ ಕಿವಿ ಕೇಳಿಸುವುದಿಲ್ಲ, ಇನ್ನು ಮೇಲೆ ಎದುರು ನಿಂತು ಬಾಯಿ ಬಿಟ್ಟು ಮಾತಾಡಬೇಕು ಎಂದು. ಊರಿಗೆಲ್ಲ ಹೇಳು. ನಿನ್ನ ಅತ್ತೆಗೆ ಹಲ್ಲು ಕಟ್ಟಿಸುತ್ತೇನೆ.

ನಿನ್ನ ಮೇಲೆ ನನಗೆ ಈಗಲೂ ದೊಡ್ಡ ಅಭಿಪ್ರಾಯವೇನಿಲ್ಲ. ಅವಳನ್ನು ಚೆನ್ನಾಗಿ ನೋಡಿಕೋ.

ಇದನ್ನು ಬರೆಯುತ್ತಿರುವಾಗ ಬುಷ್ರಾ ಪಕ್ಕದಲ್ಲೇ ಕೂತಿದ್ದಾಳೆ. ಬಹಳ ಹೊತ್ತಿನಿಂದ ನನ್ನ ತೋಳು ಹಿಡಿದು ಅಲ್ಲಾಡಿಸುತ್ತ ಏನೋ ಹೇಳುತ್ತಿದ್ದಾಳೆ. ನಾನು ಕಾಗದದಿಂದ ತಲೆ ಎತ್ತುತ್ತಿಲ್ಲ. ಎತ್ತಿ ನೋಡಿದರೆ ಏನು ಹೇಳುತ್ತಿದ್ದಾಳೆಂದು ತಿಳಿದುಬಿಡುತ್ತದೆ, ಆಮೇಲೆ ನಾನು ಬಸ್ ಹತ್ತುವುದಿಲ್ಲ.

ಗುಲಾಮ್ ಮೊಹಿದ್ದೀನ್